ಭಾರ ಟೊಂಕಕ್ಕೆ, ಕಾಲಿಗಲ್ಲ

ನನ್ನ ಮೊದಲ ನಾಲ್ಕು ಕಾಲಿನ ರೋಬೋಟ್ ನಡೆಯಲೇ ಇಲ್ಲ. ಧಾರವಾಡದ ನಮ್ಮ ಮನೆಯ ಪಡಸಾಲೆಯಲ್ಲಿ ನಿಲ್ಲಿಸಿದೆ. ಒಂದು ಕಾಲು ಎತ್ತಿತು, ಮೈ ಪೂರ್ತಿ ಆ ಕಡೆ ವಾಲಿತು, ಧಪ್ ಅಂತ ಬಿತ್ತು.

ಮೋಟರಿಗೆ ಕಸುವು ಸಾಲದು ಅಂದುಕೊಂಡೆ. 9 ಗ್ರಾಂನ ಎಸ್‌ಜಿ90 ಸರ್ವೋ (ಹೇಳಿದಷ್ಟು ಕೋನಕ್ಕೆ ತಿರುಗಿ ನಿಲ್ಲುವ ಮೋಟರ್) ತೆಗೆದು 55 ಗ್ರಾಂನ ಎಂಜಿ995 ಹಾಕಿದೆ. ಕಾಲಿಗೆ ಎರಡರಂತೆ ಎಂಟು ಮೋಟರಿಗೇ 440 ಗ್ರಾಂ! ಅದನ್ನು ಹೊರಲು ಅಲ್ಯೂಮಿನಿಯಂ ಪಟ್ಟಿ, ಅದಕ್ಕೆ ದೊಡ್ಡ ಬ್ಯಾಟರಿ. ಎಲ್ಲ ಮೋಟರೂ ಒಮ್ಮೆಲೇ ಕರೆಂಟ್ ಎಳೆದಾಗ ವೋಲ್ಟೇಜ್ ಬಿದ್ದು, ರೋಬೋಟನ್ನು ನಡೆಸುವ ಪುಟ್ಟ ಕಂಪ್ಯೂಟರ್ ಇಎಸ್‌ಪಿ32 ಬೋರ್ಡ್ ರೀಸೆಟ್ ಆಗುತ್ತಿತ್ತು. ಮೋಟರಿಗೆ ಬೇರೆ ವೈರು ಎಳೆದು, ಕರೆಂಟ್ ಕೂಡಿಟ್ಟು ಕೊರತೆ ತುಂಬುವ 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಕೂರಿಸಿದ ಮೇಲೆ ರೀಸೆಟ್ ಆಗುವುದು ನಿಂತಿತು. ಬೀಳುವುದು ಮಾತ್ರ ನಿಲ್ಲಲಿಲ್ಲ.

ಒಂದು ಸಂಜೆ ರೋಬೋಟಿನ ಒಂದು ಕಾಲು ಬಿಚ್ಚಿಕೊಂಡು ನಮ್ಮ ಓಣಿಯ ಪತ್ತಾರ ಕಾಕಾನ ಅಂಗಡಿಗೆ ಹೋದೆ. ತಕ್ಕಡಿಯಲ್ಲಿ ಇಟ್ಟರೆ 92 ಗ್ರಾಂ. ಮೊಣಕಾಲಿನ ಮೋಟರ್ ಮೊಣಕಾಲಿನಲ್ಲೇ ಇತ್ತಲ್ವಾ, ಅದರದ್ದೇ ಭಾರ. ಕಾಕಾ ಅದನ್ನು ಕೈಯಲ್ಲಿ ತೂಗಿ ನೋಡಿ, "ತಮ್ಮಾ, ಭಾರ ಟೊಂಕಕ್ಕ ಕಟ್ಟಬೇಕು, ಕಾಲಿಗಲ್ಲ" ಅಂದರು.

ಅಲ್ಲಿಗೆ ತಲೆಗೆ ಹೊಳೆಯಿತು. ಭಾರದ ಕಾಲನ್ನು ಬೀಸಿದಷ್ಟೂ ಮೈ ಎದುರು ದಿಕ್ಕಿಗೆ ಜಗ್ಗುತ್ತದೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ 9 ಕೆಜಿಯ ನಾಲ್ಕು ಕಾಲಿನ ರೋಬೋಟ್ ಮಿನಿ ಚೀತಾ 2019ರಲ್ಲಿ ಹಿಂದಕ್ಕೆ ಪಲ್ಟಿ ಹೊಡೆಯಿತು. ಅದರಲ್ಲೂ ಮೊಣಕಾಲಿನ ಮೋಟರ್ ಇರುವುದು ಸೊಂಟದ ಹತ್ತಿರವೇ, ಬೆಲ್ಟ್ ಮೂಲಕ ಕೆಲಸ ಮಾಡುತ್ತದೆ.

ಮತ್ತೆ ಎಸ್‌ಜಿ90ಕ್ಕೆ ಮರಳಿದೆ. ಎಂಟೂ ಮೋಟರನ್ನು ಮೈಯಲ್ಲಿ ಕೂರಿಸಿದೆ. ಮೊಣಕಾಲು ಎಳೆಯಲು ಹಳೇ ಸೈಕಲ್ಲಿನ ಸ್ಪೋಕ್ ಕಡ್ಡಿ. ತುದಿಯನ್ನು ಇಕ್ಕಳದಿಂದ ಬಗ್ಗಿಸಿದರೆ ಕೊಂಡಿ ಆಯಿತು. ತೂತು ಒಂದಿಷ್ಟು ಸಡಿಲವಿದ್ದರೂ ಪಾದ ಅಲುಗಾಡುತ್ತದೆ, ಇದಕ್ಕೇ ನನಗೆ ಮೂರು ದಿನ ಹಿಡಿಯಿತು. ಕೆಳಗಾಲಿಗೆ ಬಿದಿರಿನ ಸೀಳು. ಶಹಾಬಾದ್ ಕಲ್ಲಿನ ನೆಲದಲ್ಲಿ ಜಾರದಿರಲಿ ಅಂತ ಪಾದಕ್ಕೆ ಸೈಕಲ್ ಟ್ಯೂಬಿನ ತುಂಡು. ಈಗ ಕಾಲು 14 ಗ್ರಾಂ, ರೋಬೋಟ್ ಒಟ್ಟು 310.

ಇಷ್ಟು ಹಗುರಾದರೆ ಸಣ್ಣ ಮೋಟರೇ ಸಾಕು. ಎಸ್‌ಜಿ90ರ ತಿರುಗಿಸುವ ಬಲ ಸುಮಾರು 1.8 ಕೆಜಿ-ಸೆಂ.ಮೀ, ಅಂದರೆ 1 ಸೆಂ.ಮೀ ಆಚೆ 1.8 ಕೆಜಿ ಭಾರ ತಡೆಯಬಲ್ಲದು. ಒಂದು ಕಾಲಿನ ಮೇಲೆ 200 ಗ್ರಾಂ ಬಿದ್ದು, ಪಾದ 4 ಸೆಂ.ಮೀ ಆಚೆ ಇದ್ದರೂ ಬೇಕಾಗುವುದು 0.8 ಮಾತ್ರ.

ನಡಿಗೆಯಲ್ಲಿ ಒಂದೇ ತಿದ್ದುಪಡಿ ಮಾಡಿದೆ. ಕಾಲು ಎತ್ತುವ ಮೊದಲು ಅದರ ಎದುರು ಮೂಲೆಯ ಕಾಲನ್ನು ತುಸು ಮಡಚುತ್ತೇನೆ. ತೂಕ ಆ ಕಡೆ ಸರಿದು, ಉಳಿದ ಮೂರು ಪಾದಗಳ ತ್ರಿಕೋನದೊಳಗೆ ಬರುತ್ತದೆ.

ಈಗ ಅಡುಗೆಮನೆ ಹೊಸ್ತಿಲವರೆಗೆ ಬೀಳದೆ ಹೋಗುತ್ತದೆ. ಹೊಸ್ತಿಲು 4 ಸೆಂ.ಮೀ ಎತ್ತರ, ಕಾಲು ಏಳುವುದು 2. ಇನ್ನಷ್ಟು ಉದ್ದದ ಬಿದಿರು ಸೀಳುತ್ತಾ ಕೂತಿದ್ದೇನೆ.