ಸೆಂಟ್ಸ್ ಕೇಳಿ ಬೇಲಿಗೆ ರೇಟು ಹೇಳಬೇಡಿ

ಮೊನ್ನೆ ಹಿರಿಯಡ್ಕದ ಹತ್ತಿರ ಒಂದು ಜಾಲರಿ ಬೇಲಿ ಮುಗಿಸಿದೆ. ಜಾಗ 120ಕ್ಕೆ 90 ಅಡಿ, ಸುತ್ತು 420. ಒಂದು ಮೂಲೆಯಲ್ಲಿ ನಾಗಬನ. ಅದಕ್ಕೆ 30ಕ್ಕೆ 20 ಅಡಿ ಹೊರಗೆ ಬಿಡಬೇಕಿತ್ತು.

"ಮೂಲೆ ಹೋಯ್ತಲ್ಲ ಮಾರಾಯಾ, 50 ಅಡಿ ಉಳಿಯಿತು, 370 ಸಾಕು" ಎಂದರು ಮೇಸ್ತ್ರಿ. ನಾನು 420 ಬೇಕೇ ಬೇಕು ಎಂದೆ. ಹೊರಗಿನ 50 ಅಡಿ ತಪ್ಪಿತು, ನಿಜ. ಆದರೆ ಬನದ ಒಳಬದಿಗೆ ಅಷ್ಟೇ ಬೇಲಿ ಬರುತ್ತದೆ, ಅಲ್ವಾ? ಯಾರೂ ನಂಬಲಿಲ್ಲ. ಗೇಟಿನ 12 ಅಡಿ ಕಳೆದು 410 ಅಡಿ ಜಾಲರಿ ತಂದೆ. ಕೊನೆಗೆ ಉಳಿದದ್ದು ಎರಡೇ ಅಡಿ. ಮೂಲೆ ಮೂಲೆಗೆ ಒಂದು, ನಡುವೆ ಎಂಟು ಅಡಿ ಮೀರದಂತೆ ಬದಿ ಬದಿಗೆ ಎಣಿಸಿದರೆ ಕಂಬ 55 ಬೇಕಾಯಿತು. ಮೂಲೆ ಕಡಿಯದಿದ್ದರೆ 54 ಸಾಕಿತ್ತು.

ಈ ಲೆಕ್ಕ ಕಲಿತದ್ದು ದುಡ್ಡು ಕಳೆದುಕೊಂಡೇ. ಆರೇಳು ವರ್ಷದ ಹಿಂದೆ ನಾನೂ ಎಲ್ಲರ ಹಾಗೆ "ಎಷ್ಟು ಸೆಂಟ್ಸ್?" ಎಂದು ಕೇಳಿ ರೇಟು ಹೇಳುತ್ತಿದ್ದೆ. ನೂರು ಸೆಂಟ್ಸ್ ಅಂದರೆ ಒಂದು ಎಕರೆ. ಒಬ್ಬರು 40 ಸೆಂಟ್ಸ್ ಎಂದರು. ಚೌಕವಾಗಿದ್ದರೆ ಬದಿ 132 ಅಡಿ, ಸುತ್ತು 528. ಅಷ್ಟಕ್ಕೇ ಒಪ್ಪಿಕೊಂಡೆ. ಹೋಗಿ ನೋಡಿದರೆ ತೋಡಿನ (ಸಣ್ಣ ಹಳ್ಳದ) ಬದಿಯ ಉದ್ದ ಪಟ್ಟಿ, ಸುಮಾರು 66ಕ್ಕೆ 264. ಸುತ್ತು 660! ಕೊಟ್ಟ ಮಾತು ತಪ್ಪಲಿಲ್ಲ. ಅಡಿಗೆ 90 ರೂಪಾಯಿಯಂತೆ ಹತ್ತಿರ ಹತ್ತಿರ 12,000 ಕೈಯಿಂದ ಹೋಯಿತು. ಆ ಮಳೆಗಾಲ ತುಂಬಾ ಕಷ್ಟವಾಯಿತು.

ಈಗ ಮೂಲೆ ಮೂಲೆಗೆ ಗೂಟ ಹೊಡೆದು, ಬದಿ ಒಂದೊಂದನ್ನೇ ಬರೆದು ಕೂಡುತ್ತೇನೆ. ಬನ ಮೂಲೆಯಲ್ಲಿಲ್ಲದೆ ಬದಿಯ ನಡುವೆ ಇದ್ದರೆ ಮಾತ್ರ ಎಚ್ಚರ. 20 ಅಡಿ ಒಳಗೆ ಹೋದರೆ ಹೋಗಲಿಕ್ಕೆ 20, ಬರಲಿಕ್ಕೆ 20. ಬೇಲಿ 40 ಅಡಿ ಜಾಸ್ತಿಯೇ ಆಗುತ್ತದೆ. ಇಲ್ಲಿ ತುಂಬಾ ಜನ ಸೋಲುತ್ತಾರೆ, ಜಾಗ ಕಡಿಮೆಯಾದರೆ ಬೇಲಿಯೂ ಕಡಿಮೆ ಎಂದುಕೊಳ್ಳುತ್ತಾರೆ.

ಅಣ್ಣ ತಮ್ಮಂದಿರ ಜಾಗ ಸೇರಿಸಿ ಒಂದೇ ಬೇಲಿ ಹಾಕುವಾಗ ಇನ್ನೊಂದು ತಪ್ಪಾಗುತ್ತದೆ. ಒಂದರ ಸುತ್ತು 300, ಇನ್ನೊಂದರದ್ದು 260, ನಡುವಿನ ಗಡಿ 70. ಕಳೆಯಬೇಕಾದದ್ದು 70 ಅಲ್ಲ, 140. ಆ ಗಡಿ ಎರಡರ ಲೆಕ್ಕದಲ್ಲೂ ಇದೆಯಲ್ಲ. ಬೇಲಿ 420.

ಒಮ್ಮೆ ಟೇಪು ಬಿಟ್ಟು 26 ಇಂಚಿನ ಸೈಕಲ್ ಚಕ್ರ ಉರುಳಿಸಿ ನೋಡಿದೆ. ಒಂದು ಸುತ್ತಿಗೆ 6.8 ಅಡಿ ಹಿಡಿದೆ. ರಸ್ತೆ ಬದಿಯಲ್ಲಿ ಚೆನ್ನಾಗಿ ಬಂತು. ಗುಡ್ಡೆಯ ಒರಟು ಮುರಕಲ್ಲಿನ (ಕೆಂಪುಕಲ್ಲಿನ) ಮೇಲೆ ಹಾರಿ ಹಾರಿ 300 ಅಡಿಗೆ ಹತ್ತು ಹನ್ನೆರಡು ಅಡಿ ತಪ್ಪಿತು. ಬಿಟ್ಟುಬಿಟ್ಟೆ.

ತೋಡಿನ ಬದಿ ಬೇರೆಯೇ ಕಥೆ. ನೇರ ಹಗ್ಗಕ್ಕೆ 80 ಅಡಿ ಬಂದದ್ದು, ಬಾಗಿಗೊಂದು ಗೂಟ ಹೊಡೆದು ಅಳೆದಾಗ 97 ಆಯಿತು. ಗೂಟ ಎಲ್ಲಿ ಹೊಡೆಯಬೇಕು, ಎಲ್ಲಿ ಬಿಡಬೇಕು ಎಂಬುದನ್ನು ಹೇಳಲಾರೆ, ನನ್ನ ಲಾಭ ಇರುವುದೇ ಅಲ್ಲಿ. ಅಶ್ವತ್ಥಕಟ್ಟೆ ಬಳಸಿ ಅರ್ಧ ಸುತ್ತು ಹೋಗುವುದಾದರೆ ಮಾತ್ರ ಅಡ್ಡಳತೆಯ ಒಂದೂವರೆ ಪಟ್ಟು ಹಿಡಿದು ಸ್ವಲ್ಪ ಸೇರಿಸಿ. 20 ಅಡಿಗೆ ಸುಮಾರು 31 ಅಡಿ ಜಾಲರಿ ಬೇಕು.