ನನ್ನ ರಾಕ್ಷಸರ ಕೈಯಲ್ಲಿ ಸೋರೆಬುರುಡೆ ಇತ್ತು

ನನ್ನ ಫ್ಯಾಂಟಸಿ ಕಾದಂಬರಿಯ ಮೊದಲ ಕರಡಿನಲ್ಲಿ, ಮೂರನೇ ಅಧ್ಯಾಯ ಹೀಗೆ ಶುರುವಾಗುತ್ತಿತ್ತು: ‘ಮೊರಡರು ಹುಟ್ಟಿನಿಂದಲೇ ಕ್ರೂರಿಗಳು. ಕಪ್ಪು ಮೈ, ಗುಂಗುರು ಕೂದಲು, ಅಗಲ ಮೂಗು. ಸೋರೆಬುರುಡೆ ಬಡಿಯುತ್ತ, ಬಾಯಿಗೆ ಬಂದಂತೆ ಬೈಯುತ್ತ ಅವರು ಬೆಟ್ಟ ಇಳಿದರು.’ ಬರೆದ ರಾತ್ರಿ ತುಂಬ ಖುಷಿಯಾಗಿತ್ತು. ಸದ್ದು ಕಿವಿಗೆ ಕೇಳಿಸುವ ಹಾಗೆ ಬಂದಿದೆ ಅಂದುಕೊಂಡಿದ್ದೆ.

ನಾನು ಕೊಡಗಿನ ಸಿದ್ದಾಪುರದ ಕಡೆಯ ಕಾಫಿ ತೋಟವೊಂದರಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವನು. ಬೆಳಿಗ್ಗೆ ಚೆಕ್‌ರೋಲ್‌ನಲ್ಲಿ ಹಾಜರಿ ಹಾಕುತ್ತೇನೆ, ಕುಯ್ಲಿನ ಕಾಲದಲ್ಲಿ ಸಂಜೆ ಒಬ್ಬೊಬ್ಬರ ಹಣ್ಣು ತೂಗಿ ಬರೆದುಕೊಳ್ಳುತ್ತೇನೆ. ಕಾದಂಬರಿ ರಾತ್ರಿಯ ಕೆಲಸ. ತೋಟದ ಕೆಲಸದವರ ಲೈನ್ ಮನೆಯ, ಎರವ ಬುಡಕಟ್ಟಿನ ಹುಡುಗಿಯೊಬ್ಬಳು, ಆಗ ಎರಡನೇ ಪಿಯುಸಿ, ನನ್ನ ಪುಸ್ತಕಗಳನ್ನು ತೆಗೆದುಕೊಂಡು ಹೋಗಿ ಓದುತ್ತಿದ್ದಳು. ಈ ಕರಡನ್ನೂ ಅವಳಿಗೆ ಕೊಟ್ಟೆ. ನಾಲ್ಕು ದಿನ ಬಿಟ್ಟು ವಾಪಸ್ ತಂದಳು. ಹೇಗಿದೆಯಮ್ಮ ಅಂತ ಕೇಳಿದರೆ ಆ ಪುಟ ತೆಗೆದು ಬೆರಳಿಟ್ಟು, ‘ರೈಟರಣ್ಣ, ಇದು ಕುಂಡೆ ಹಬ್ಬ ಅಲ್ವಾ? ಈ ಬುರುಡೆ ನಮ್ಮಪ್ಪ ಬಡಿಯೋದು’ ಅಂದಳು. ದನಿಯಲ್ಲಿ ಕೋಪ ಇರಲಿಲ್ಲ. ನನಗೆ ಅದೇ ಹೆಚ್ಚು ನೋವಾಯಿತು.

ಕುಂಡೆ ಹಬ್ಬ ನೋಡದವರಿಗೆ ಎರಡು ಮಾತು ಹೇಳಬೇಕು. ಮೇ ತಿಂಗಳಲ್ಲಿ ಗೋಣಿಕೊಪ್ಪ, ತಿತಿಮತಿ ಕಡೆ ಎರವರು, ಜೇನುಕುರುಬರು, ಬೆಟ್ಟಕುರುಬರು ವೇಷ ಹಾಕಿ, ಗಂಡಸರು ಸೀರೆಯನ್ನೋ ಫ್ರಾಕನ್ನೋ ತೊಟ್ಟು, ಬುರುಡೆ, ಪ್ಲಾಸ್ಟಿಕ್ ಡ್ರಮ್ಮು ಬಡಿಯುತ್ತ ಎದುರಿಗೆ ಸಿಕ್ಕವರನ್ನೆಲ್ಲ ಬೈದು ಕಾಸು ಬೇಡುತ್ತಾರೆ. ಕೊನೆಗೆ ಎಲ್ಲರೂ ದೇವರಪುರದ ಗುಡಿಗೆ ಸೇರುತ್ತಾರೆ. ಆ ಬೈಗುಳಕ್ಕೊಂದು ಕಥೆ ಇದೆ. ಬೇಟೆಗೆಂದು ಇವರನ್ನು ಕಾಡಿಗೆ ಕರೆದುಕೊಂಡು ಹೋದ ಅಯ್ಯಪ್ಪ, ದಾರಿಯಲ್ಲಿ ಭದ್ರಕಾಳಿಯನ್ನು ಕಂಡು ಅವಳ ಹಿಂದೆ ಹೊರಟುಹೋದನಂತೆ. ಇವರು ನಡುಕಾಡಿನಲ್ಲಿ ಉಳಿದರು. ಆ ಸಿಟ್ಟನ್ನು ವರ್ಷಕ್ಕೊಂದು ದಿನ ದೇವರಿಗೇ ಬೈದು ತೀರಿಸಿಕೊಂಡು, ಆಮೇಲೆ ತಪ್ಪಾಯ್ತು ಅಂತ ಕೈಮುಗಿಯುತ್ತಾರೆ. ತಮ್ಮನ್ನು ಕೈಬಿಟ್ಟ ದೇವರ ಜೊತೆ ಇಷ್ಟು ಸಲಿಗೆಯಿಂದ ಜಗಳವಾಡುವ ಭಕ್ತಿ ನನಗೆ ಬೇರೆ ಕಡೆ ಕಂಡಿಲ್ಲ. ನಾನು ಅದರಿಂದ ಸದ್ದನ್ನೂ ಬಣ್ಣವನ್ನೂ ಎತ್ತಿಕೊಂಡು, ಕಾರಣವನ್ನು ಮಾತ್ರ ದೇವರಪುರದಲ್ಲೇ ಬಿಟ್ಟು ಬಂದಿದ್ದೆ.

ಆ ರಾತ್ರಿ ಕೆಂಪು ಪೆನ್ನು ಹಿಡಿದು ಕೂತೆ. ಮೊರಡರ ಮೈಬಣ್ಣ 11 ಸಲ ಬಂದಿತ್ತು, ನಾಯಕನ ಮೈಬಣ್ಣ ಒಂದು ಸಲವೂ ಇರಲಿಲ್ಲ. ಮೊರಡರು ಅರಚುತ್ತಿದ್ದರು, ಗುರುಗುಟ್ಟುತ್ತಿದ್ದರು, ಕೇಕೆ ಹಾಕುತ್ತಿದ್ದರು. ಒಬ್ಬನೇ ಒಬ್ಬ ಮೊರಡ ಒಂದು ಪೂರ್ತಿ ವಾಕ್ಯ ಆಡಿರಲಿಲ್ಲ. ಹೆಂಗಸರಿಲ್ಲ, ಮಕ್ಕಳಿಲ್ಲ, ಮುದುಕರಿಲ್ಲ. ಏನು ತಿನ್ನುತ್ತಾರೆ ಅನ್ನುವುದೂ ನನಗೆ ಗೊತ್ತಿರಲಿಲ್ಲ. ದಿನಾ ಬೆಳಿಗ್ಗೆ ನೂರಾರು ಹೆಸರು ಬರೆಯುವವನು ನಾನು. ನನ್ನ ರಾಕ್ಷಸರಿಗೆ ಒಂದು ಹೆಸರೂ ಇಟ್ಟಿರಲಿಲ್ಲ.

ಈ ಚಟ ನನಗೊಬ್ಬನಿಗೇ ಅಂಟಿದ್ದಲ್ಲ ಅಂತ ಆಮೇಲೆ ಓದುತ್ತ ತಿಳಿಯಿತು. ‘ಲಾರ್ಡ್ ಆಫ್ ದ ರಿಂಗ್ಸ್’ ಬರೆದ ಟೋಲ್ಕಿನ್ ತಮ್ಮ ಕಥೆಯ ರಾಕ್ಷಸರಾದ ಆರ್ಕ್‌ಗಳ ಮುಖವನ್ನು 1958ರ ಪತ್ರವೊಂದರಲ್ಲಿ ವರ್ಣಿಸುವಾಗ ಚಪ್ಪಟೆ ಮೂಗು, ಓರೆಗಣ್ಣು ಎಂದು ಹೇಳಿ, ಯುರೋಪಿನವರ ಕಣ್ಣಿಗೆ ಚೆಂದ ಕಾಣದ ಮಂಗೋಲ್ ಮುಖಗಳನ್ನೇ ಹೋಲಿಕೆಗೆ ತಂದಿದ್ದರು. ಅದೇ ಟೋಲ್ಕಿನ್ನರಿಗೆ, ಇಡೀ ಒಂದು ಕುಲ ತಿದ್ದಲಾರದಷ್ಟು ಕೆಟ್ಟದ್ದಾಗಿರಲು ಸಾಧ್ಯವೇ ಎಂಬ ಪ್ರಶ್ನೆ ಕೊನೆಯವರೆಗೂ ಕಾಡಿತು. 1974ರಲ್ಲಿ ಶುರುವಾದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಫ್ಯಾಂಟಸಿ ಆಟದವರು, ಆರ್ಕ್ ಮತ್ತು ಡ್ರೌ ಎಂಬ ಕಪ್ಪು ಮೈಯ ಎಲ್ಫ್‌ಗಳನ್ನು ತಾವು ಚಿತ್ರಿಸಿದ ರೀತಿ ನಿಜವಾದ ಜನಾಂಗಗಳನ್ನು ಹೀಗಳೆದ ರೀತಿಯನ್ನೇ ನೆನಪಿಸುತ್ತದೆಂದು 2020ರಲ್ಲಿ ಒಪ್ಪಿಕೊಂಡರು.

ಇದೆಲ್ಲ ಬರೀ ಕಥೆ, ಕಥೆಯಲ್ಲಿ ಹೇಗಿದ್ದರೇನು ಎನ್ನುವ ಗೆಳೆಯರಿದ್ದಾರೆ. ‘ಹುಟ್ಟಿನಿಂದಲೇ ಕ್ರೂರಿಗಳು’ ಅನ್ನುವುದು ನಮ್ಮ ದೇಶದಲ್ಲಿ ಕಾನೂನಿನ ಭಾಷೆಯೂ ಆಗಿತ್ತು ಅಂತ ಅವರಿಗೆ ಹೇಳುತ್ತೇನೆ. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಕೆಲವು ಸಮುದಾಯಗಳನ್ನು ಇಡಿಯಾಗಿ ಪಟ್ಟಿಗೆ ಸೇರಿಸಿತು. ಏನೂ ಮಾಡದವನೂ ಪೊಲೀಸರಿಗೆ ಹಾಜರಿ ಕೊಡಬೇಕು, ಕೇಳದೆ ಊರು ಬಿಡುವಂತಿಲ್ಲ. ಅದು ರದ್ದಾಗಲು 1952 ಬರಬೇಕಾಯಿತು. ನಮ್ಮ ಕೊಡಗಿನಲ್ಲಿ ಆನೆಯನ್ನು ಕೂಡ ಹಾಗೆ ನೋಡುವುದಿಲ್ಲ. ತೋಟಕ್ಕೆ ಆನೆ ನುಗ್ಗಿ ವರ್ಷದ ಫಸಲು ಹೋದರೂ ‘ಪುಂಡಾನೆ’ ಅಂತ ಕರೆಯುವುದು ಆ ಒಂದು ಆನೆಯನ್ನು ಮಾತ್ರ.

ದಾರಿ ಸಿಕ್ಕಿದ್ದು ನಮ್ಮದೇ ಹಳೆಯ ಕಾವ್ಯದಲ್ಲಿ. ಜೈನ ರಾಮಾಯಣಗಳಲ್ಲಿ ರಾಕ್ಷಸರೆಂದರೆ ಕೋರೆಹಲ್ಲಿನವರಲ್ಲ, ಮಂತ್ರವಿದ್ಯೆ ಬಲ್ಲ ವಿದ್ಯಾಧರರ ಒಂದು ವಂಶ. ವಾನರರು ಬಾವುಟದಲ್ಲಿ ಕಪಿಯ ಗುರುತು ಇಟ್ಟುಕೊಂಡ ಮನುಷ್ಯರು. ‘ರಾಮಚಂದ್ರಚರಿತ ಪುರಾಣ’ ಬರೆದ ನಾಗಚಂದ್ರನ ರಾವಣ ವ್ರತಸ್ಥ, ದೊಡ್ಡ ಮನುಷ್ಯ. ಸೀತೆಯ ವಿಷಯದಲ್ಲಿ ಜಾರಿದ. ಕಡಲೂ ಒಮ್ಮೊಮ್ಮೆ ಎಲ್ಲೆ ಮೀರುವುದಿಲ್ಲವೇ ಎಂದು ಕವಿ ಅವನ ಬಗ್ಗೆ ಕೇಳುತ್ತಾನೆ. ಸುಮಾರು 900 ವರ್ಷದ ಹಿಂದೆಯೇ ಕನ್ನಡದ ಕವಿಯೊಬ್ಬ ಕೆಡುಕನ್ನು ಕುಲದಿಂದ ಬಿಡಿಸಿ, ಒಬ್ಬ ವ್ಯಕ್ತಿ ಒಂದು ಗಳಿಗೆಯಲ್ಲಿ ಮಾಡಿದ ತಪ್ಪಿನಲ್ಲಿ ಇಟ್ಟಿದ್ದ. ನಾನು ಮಾಡಬೇಕಾದ ಕೆಲಸವೂ ಅದೇ ಆಗಿತ್ತು.

ಎರಡನೇ ಕರಡಿನಲ್ಲಿ ಇನ್ನೊಂದು ತಪ್ಪು ಮಾಡಿದೆ. ಪಾಪಪ್ರಜ್ಞೆಯಿಂದ ಮೊರಡರನ್ನೆಲ್ಲ ಮುಗ್ಧರನ್ನಾಗಿ ಮಾಡಿಬಿಟ್ಟೆ. ಸುಳ್ಳು ಗೊತ್ತಿಲ್ಲ, ಆಸೆ ಇಲ್ಲ, ಜೇನು, ಗೆಡ್ಡೆ ತಿಂದು ಹಾಡುತ್ತ ಇರುತ್ತಾರೆ. ಹುಡುಗಿ ಅದನ್ನೂ ಓದಿದಳು. ‘ನಮ್ಮಲ್ಲಿ ಕುಡಿದು ಹೊಡೆಯೋರಿಲ್ವಾ ಅಣ್ಣ? ಅಣ್ಣತಮ್ಮಂದಿರು ಮಾತು ಬಿಟ್ಟಿರೋರಿಲ್ವಾ?’ ಅಂದಳು. ಮೊದಲನೆಯದರಲ್ಲಿ ಅವಳ ಜನ ಬರೀ ಕೇಡಿಗರು, ಎರಡನೆಯದರಲ್ಲಿ ಬರೀ ಒಳ್ಳೆಯವರು. ಮನುಷ್ಯರಾಗಿ ಎರಡರಲ್ಲೂ ಇರಲಿಲ್ಲ.

ಮೂರನೇ ಸಲ ಮೊದಲು ಬದಲಿಸಿದ್ದು ಹೆಸರು. ಪಂಜಿರಿ ಎರವರು ತಮ್ಮನ್ನು ತಾವು ರಾವುಲರು ಅನ್ನುತ್ತಾರೆ. ಅವರನ್ನು ಎರವರು ಅಂತ ಬರೆಯುವವರು ನಾವು. ಹಾಗೆಯೇ ‘ಮೊರಡರು’ ಅನ್ನುವುದನ್ನು ನಾಯಕನ ಕಡೆಯ ಕೋಟೆಯವರು ಇಟ್ಟ ಹೆಸರು ಮಾಡಿದೆ. ಅವರು ತಮ್ಮನ್ನು ಹೊನಲ ಮಕ್ಕಳು ಅಂದುಕೊಳ್ಳುತ್ತಾರೆ. ಈ ಒಂದು ಬದಲಾವಣೆಯಿಂದ ಕಥೆಯ ಅರ್ಧ ತಾನಾಗಿ ತಿರುಗಿತು. ಅವರ ಹೊನಲು ಎಲ್ಲಿ ಹೋಯಿತು ಅನ್ನುವ ಪ್ರಶ್ನೆ ಎದ್ದಿತು. ನಾಯಕನ ಅಜ್ಜ ಅದನ್ನು ಕೋಟೆಯ ಕಡೆ ತಿರುಗಿಸಿಕೊಂಡಿದ್ದು ಬರೆಯುತ್ತ ಬರೆಯುತ್ತ ನನಗೇ ಗೊತ್ತಾಯಿತು.

ಮೊರಡರು ಕಣಜಕ್ಕೆ ಬೆಂಕಿ ಇಡುವ ದೃಶ್ಯ ತೆಗೆಯಲಿಲ್ಲ. ಒಳಗೆ ಮಕ್ಕಳಿದ್ದಾರೆಂದು ಗೊತ್ತಿದ್ದೂ ಇಡುವ ದೃಶ್ಯ ಅದು. ಅದು ಕೇಡು, ಅದನ್ನು ಮೆದು ಮಾಡುವ ಮನಸ್ಸು ನನಗಿಲ್ಲ. ಆದರೆ ಈಗ ಅದನ್ನು ಮಾಡುವುದು ಒಬ್ಬ. ಅವನಿಗೊಂದು ಹೆಸರಿದೆ. ಹಿಂದಿನ ರಾತ್ರಿ ಒಲೆ ಮುಂದೆ ಮೂವರು ಬೇಡ ಅನ್ನುತ್ತಾರೆ, ಒಬ್ಬಳು ಅವನ ಕೈಯಿಂದ ಪಂಜು ಕಿತ್ತುಕೊಳ್ಳಲು ಹೋಗಿ ಕೈ ಸುಟ್ಟುಕೊಳ್ಳುತ್ತಾಳೆ. ಮೊದಲ ಕರಡಿನಲ್ಲಿ ಇದೇ ದೃಶ್ಯ ಆರು ಸಾಲಿನಲ್ಲಿ ಮುಗಿದಿತ್ತು, ಈಗ ಹದಿನಾಲ್ಕು ಪುಟ. ಭಯವೂ ಈಗಲೇ ಹೆಚ್ಚು, ಏಕೆಂದರೆ ಅವನು ಇಡದೆಯೂ ಇರಬಹುದಿತ್ತು.

ಸೋರೆಬುರುಡೆಯನ್ನು ಮಾತ್ರ ಕಥೆಯಿಂದ ಪೂರ್ತಿ ತೆಗೆದೆ. ಅದು ನನ್ನದಲ್ಲ.

ಆ ಹುಡುಗಿ ಈಗ ಡಿಗ್ರಿ ಓದುತ್ತಿದ್ದಾಳೆ. ರಜೆಯಲ್ಲಿ ಬಂದಾಗ ಹೊಸ ಮೂರನೇ ಅಧ್ಯಾಯ ಕೊಟ್ಟೆ. ತೂಕದ ಮನೆಯ ಮೆಟ್ಟಿಲ ಮೇಲೆ ಕೂತು ಒಂದೇ ಉಸಿರಿಗೆ ಓದಿ ಮುಗಿಸಿ, ‘ಇವನ ಅಮ್ಮ ಎಲ್ಲಿದ್ದಾಳೆ? ಬೆಂಕಿ ಇಟ್ಟಮೇಲೆ ಮನೆಗೆ ಹೋಗಲ್ವಾ ಇವನು?’ ಅಂತ ಕೇಳಿದಳು. ಈಗ ಆ ಅಧ್ಯಾಯ ಬರೆಯುತ್ತಿದ್ದೇನೆ. ಅಮ್ಮ ಬಾಗಿಲು ತೆರೆಯುತ್ತಾಳೋ ಇಲ್ಲವೋ ಅಂತ ಇನ್ನೂ ತೀರ್ಮಾನವಾಗಿಲ್ಲ.