ಓಣಿಯ ಹಕ್ಕುಗಳಿಗೊಂದು ಸಂಘ: ಕಟ್ಟುವುದು, ನಡೆಸುವುದು ಹೇಗೆ?

ಬಡವರ, ದಿಕ್ಕಿಲ್ಲದವರ ಪರವಾಗಿ ಏನಾದರೂ ಮಾಡಬೇಕೆಂದು ನಾಲ್ಕು ಜನ ಒಂದೆಡೆ ಕುಳಿತರೆ ಮಾತು ಬೇಗನೆ ನೋಂದಣಿಯ ಕಡೆ ಹೊರಳುತ್ತದೆ. ಹೆಸರು ಏನಿಡೋಣ, ಅಧ್ಯಕ್ಷರು ಯಾರಾಗಲಿ, ಲೆಟರ್‌ಹೆಡ್ ಎಲ್ಲಿ ಮುದ್ರಿಸೋಣ ಎಂಬುದರಲ್ಲೇ ಮೊದಲ ಮೂರು ಸಭೆಗಳು ಮುಗಿಯುತ್ತವೆ. ಹುಬ್ಬಳ್ಳಿಯ ಓಣಿಗಳಲ್ಲಿಯೂ ಗದಗ, ಹಾವೇರಿ ಜಿಲ್ಲೆಗಳ ತಾಂಡಾಗಳಲ್ಲಿಯೂ ಈ ಕೆಲಸಕ್ಕಾಗಿ ಓಡಾಡಿದ ಅನುಭವದಿಂದ ನಾನು ಹೇಳುವುದೇನೆಂದರೆ, ನೋಂದಣಿಗಿಂತ ಮೊದಲು ಮಾಡಬೇಕಾದ ಕೆಲಸವಿದೆ, ನೋಂದಣಿಯ ನಂತರ ಅದಕ್ಕಿಂತ ದೊಡ್ಡ ಕೆಲಸವಿದೆ.

ಮೊದಲು ಮನೆ ಮನೆ

ಒಂದೇ ಓಣಿ ಅಥವಾ ಒಂದೇ ತಾಂಡಾ ಆರಿಸಿಕೊಳ್ಳಿ. ನೂರು ಮನೆಗಳಿದ್ದರೆ ಸಾಕು. ಪ್ರತಿ ಮನೆಯ ಕಟ್ಟೆಯ ಮೇಲೆ ಕುಳಿತು ಕೇಳಬೇಕಾದ ಪ್ರಶ್ನೆಗಳು ಹೆಚ್ಚಿಲ್ಲ: ರೇಷನ್ ಕಾರ್ಡು ಇದೆಯೇ, ಯಾರಿಗೆ ಪಿಂಚಣಿ ಬರುತ್ತದೆ, ಬರುತ್ತಿದ್ದುದು ನಿಂತಿದೆಯೇ, ಅಂಗವಿಕಲರಿದ್ದರೆ ಅವರ ಬಳಿ ಯುಡಿಐಡಿ ಕಾರ್ಡು (ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ) ಇದೆಯೇ, ಶಾಲೆ ಬಿಟ್ಟ ಮಕ್ಕಳೆಷ್ಟು, ದುಡಿಯಲು ಗೋವಾ ಕಡೆಗೆ ಹೋದವರು ಮಕ್ಕಳನ್ನು ಎಲ್ಲಿ ಬಿಟ್ಟು ಹೋಗಿದ್ದಾರೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಸಮಾಜಕಾರ್ಯ ಓದುವ ವಿದ್ಯಾರ್ಥಿಗಳಿದ್ದಾರೆ. ಹುಬ್ಬಳ್ಳಿಯ ನವನಗರದಲ್ಲಿ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯವಿದೆ. ಇಂಥ ವಿದ್ಯಾರ್ಥಿಗಳನ್ನು ಜೊತೆಗೆ ಕರೆದುಕೊಂಡು ಹೋದರೆ ಎರಡು ಭಾನುವಾರಗಳಲ್ಲಿ ಒಂದು ಓಣಿಯ ಚಿತ್ರ ಸಿಗುತ್ತದೆ. ಆ ಚಿತ್ರ ಕೈಯಲ್ಲಿದ್ದರೆ ಸಂಘದ ಉದ್ದೇಶಗಳನ್ನು ಬರೆಯುವುದು ಸುಲಭ; ಇಲ್ಲದಿದ್ದರೆ ಪಕ್ಕದ ಸಂಘದ ಬೈಲಾವನ್ನೇ, ಅಂದರೆ ನಿಯಮಾವಳಿಯನ್ನೇ, ನಕಲು ಮಾಡಿದಂತಾಗುತ್ತದೆ.

ನಮ್ಮ ಭಾಗದಲ್ಲಿ ಇದಕ್ಕೆ ಒಳ್ಳೆಯ ಹಿನ್ನೆಲೆಯಿದೆ. ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ 1987ರ ನವೆಂಬರ್ 14ರಂದು ನಡೆದ ಕಿತ್ತಿಕೋ-ಹಚ್ಚಿಕೋ ಸತ್ಯಾಗ್ರಹವನ್ನು ನೆನೆಯಿರಿ. ಊರ ಸಾಮೂಹಿಕ ಭೂಮಿಯನ್ನು ನೀಲಗಿರಿ ಬೆಳೆಸಲು ಸರ್ಕಾರ ಮತ್ತು ಖಾಸಗಿ ಉದ್ಯಮದ ಜಂಟಿ ಕಂಪನಿಯೊಂದಕ್ಕೆ ಕೊಟ್ಟದ್ದರಿಂದ ದನಕ್ಕೆ ಮೇವು, ಒಲೆಗೆ ಕಟ್ಟಿಗೆ ಇಲ್ಲದಂತಾಯಿತೆಂಬುದು ಅಲ್ಲಿನ ಜನರ ನಿತ್ಯದ ಅನುಭವವಾಗಿತ್ತು. ಧಾರವಾಡದ ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆ ಆ ಅನುಭವವನ್ನೇ ಆಧಾರವಾಗಿಟ್ಟುಕೊಂಡು ನೀಲಗಿರಿ ಸಸಿ ಕಿತ್ತು ಜನರಿಗೆ ಬೇಕಾದ ಗಿಡ ನೆಡುವ ಹೋರಾಟವನ್ನು ಸಂಘಟಿಸಿತು, ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಕೊನೆಗೆ ಆ ಕಂಪನಿಯನ್ನು ಮುಚ್ಚಬೇಕಾಯಿತು. ಜನರ ಅಡುಗೆಮನೆಯಿಂದ ಎದ್ದ ಬೇಡಿಕೆಯಾದ್ದರಿಂದಲೇ ಅದು ವರ್ಷಗಟ್ಟಲೆ ನಿಂತಿತು ಎಂದು ನಾನು ನಂಬುತ್ತೇನೆ.

ಏಳು ಜನ, ಒಂದು ಬೈಲಾ

ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಪ್ರಕಾರ ಸಂಘ ನೋಂದಾಯಿಸಲು ಕನಿಷ್ಠ ಏಳು ಜನ ಸದಸ್ಯರು ಬೇಕು. ಸಂಘದ ಹೆಸರು, ವಿಳಾಸ ಮತ್ತು ಉದ್ದೇಶಗಳಿರುವ ಜ್ಞಾಪನ ಪತ್ರ, ಆಡಳಿತದ ನಿಯಮಗಳಿರುವ ಬೈಲಾ, ಪದಾಧಿಕಾರಿಗಳ ಗುರುತಿನ ದಾಖಲೆ, ಕಚೇರಿ ಇರುವ ಮನೆಯ ಬಾಡಿಗೆ ಕರಾರು ಅಥವಾ ಮಾಲೀಕರ ಒಪ್ಪಿಗೆ ಪತ್ರ, ಇವಿಷ್ಟನ್ನು ಸಹಕಾರ ಇಲಾಖೆಯ ಅಡಿಯಲ್ಲಿರುವ ಜಿಲ್ಲೆಯ ಸಂಘಗಳ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಏಳು ಜನರಲ್ಲಿ ಮೂವರಾದರೂ ಆ ಓಣಿಯವರೇ ಇರಲಿ, ಅವರಲ್ಲಿ ಹೆಣ್ಣುಮಕ್ಕಳಿರಲಿ. ಇದು ಕಾಯ್ದೆಯ ಷರತ್ತಲ್ಲ, ನನ್ನ ಒತ್ತಾಯ. ಒಂದೇ ಮನೆಯ ಗಂಡ, ಹೆಂಡತಿ, ತಮ್ಮ, ಭಾವ ಸೇರಿ ಕಟ್ಟಿದ ಸಂಘವನ್ನು ಜನ ಬೇಗನೆ ಗುರುತಿಸುತ್ತಾರೆ ಮತ್ತು ಅಷ್ಟೇ ಬೇಗನೆ ದೂರವಿಡುತ್ತಾರೆ.

ಹೆಸರಿನ ಬಗ್ಗೆ ಒಂದು ಎಚ್ಚರಿಕೆ. ಸರ್ಕಾರಿ ಆಯೋಗವೆಂದು ಭ್ರಮೆ ಹುಟ್ಟಿಸುವ ಹೆಸರು, ಲಾಂಛನ ಬೇಡ. ಕಾರಿನ ಗಾಜಿಗೆ ಮಾನವ ಹಕ್ಕುಗಳ ಸ್ಟಿಕ್ಕರ್ ಅಂಟಿಸಿಕೊಂಡು, ಹಣ ಪಡೆದು ಗುರುತಿನ ಚೀಟಿ ಹಂಚುವವರಿಂದ ಈ ಕ್ಷೇತ್ರಕ್ಕೆ ಆಗಿರುವ ಹಾನಿ ದೊಡ್ಡದು; ನಿಜವಾಗಿ ನೊಂದವರು ಠಾಣೆಗೆ ಹೋದಾಗ ಆ ಅನುಮಾನದ ನೋಟವನ್ನು ಅವರೇ ಎದುರಿಸಬೇಕಾಗುತ್ತದೆ.

ನೋಂದಣಿಯಾದ ಮೇಲೆ ಪ್ರತಿ ವರ್ಷ ಸರ್ವಸಾಧಾರಣ ಸಭೆ ನಡೆಸಿ, ಆಡಳಿತ ಮಂಡಳಿಯ ಪಟ್ಟಿಯನ್ನೂ ಲೆಕ್ಕಪರಿಶೋಧನೆಯಾದ ಲೆಕ್ಕಪತ್ರವನ್ನೂ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಉತ್ಸಾಹದಲ್ಲಿ ಹುಟ್ಟಿದ ಎಷ್ಟೋ ಸಂಘಗಳು ಎಡವುವುದು ಇಲ್ಲಿಯೇ.

ಹಣ

ಸಂಘದ ಹೆಸರಿನಲ್ಲಿ ಪ್ಯಾನ್ ಕಾರ್ಡು ಮಾಡಿಸಿ, ಇಬ್ಬರ ಸಹಿಯಿಲ್ಲದೆ ಹಣ ತೆಗೆಯಲಾಗದಂತೆ ಬ್ಯಾಂಕ್ ಖಾತೆ ತೆರೆಯಿರಿ. ದಾನಿಗಳಿಗೆ ತೆರಿಗೆ ವಿನಾಯಿತಿ ಸಿಗಬೇಕಾದರೆ ಎಲ್ಲರೂ 12ಎ, 80ಜಿ ಎಂದು ಕರೆಯುವ ಆದಾಯ ತೆರಿಗೆ ನೋಂದಣಿಗಳು ಬೇಕು. 2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿಗೆ ಬರುವಂತೆ ರೂಪಿತವಾಗಿದ್ದು, ಅದರಲ್ಲಿ ಸೆಕ್ಷನ್‌ಗಳ ಸಂಖ್ಯೆ ಬದಲಾಗಿರುವುದರಿಂದ ಅರ್ಜಿ ಹಾಕುವ ಮುನ್ನ ಲೆಕ್ಕಪರಿಶೋಧಕರನ್ನು ಕೇಳುವುದು ಒಳ್ಳೆಯದು. ವಿದೇಶಿ ಹಣದ ವಿಷಯದಲ್ಲಿ ಮಾತ್ರ ತುಂಬಾ ಜಾಗರೂಕರಾಗಿರಿ. ವಿದೇಶಿ ವಂತಿಗೆ ಕಾಯ್ದೆ, 2010ರ ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದೆ ಒಂದು ರೂಪಾಯಿಯನ್ನೂ ಪಡೆಯುವಂತಿಲ್ಲ. ನೋಂದಣಿಗೆ ಸಾಮಾನ್ಯವಾಗಿ ಮೂರು ವರ್ಷದ ಕೆಲಸ, ಆ ಅವಧಿಯಲ್ಲಿ 15 ಲಕ್ಷ ರೂಪಾಯಿ ಖರ್ಚು ಮಾಡಿರುವ ದಾಖಲೆ ಬೇಕು. ಊರಿನ ಹುಡುಗನೇ ಆಗಿದ್ದರೂ ಅವನು ಅಮೆರಿಕದ ಪಾಸ್‌ಪೋರ್ಟ್ ಪಡೆದಿದ್ದರೆ ಅವನು ಕಳಿಸುವ ದೇಣಿಗೆ ವಿದೇಶಿ ವಂತಿಗೆಯೇ ಆಗುತ್ತದೆ. ಆರಂಭದಲ್ಲಿ ಓಣಿಯವರು ತಿಂಗಳಿಗೆ ಇಪ್ಪತ್ತು ರೂಪಾಯಿ ಕೊಟ್ಟರೂ ಅದಕ್ಕೆ ರಸೀದಿ ಹರಿದುಕೊಡಿ. 1905ರಲ್ಲಿ ಗದಗ ತಾಲ್ಲೂಕಿನ ಕಣಗಿನಹಾಳದ ರೈತರು ದೇಶಕ್ಕೇ ಮೊದಲೆನಿಸಿದ ಕೃಷಿ ಸಹಕಾರ ಸಂಘವನ್ನು ಕಟ್ಟಿದ್ದು ಊರವರ ಇಂಥ ಪರಸ್ಪರ ನಂಬಿಕೆಯ ಮೇಲೆ.

ವಹಿ ಮತ್ತು ಸ್ವೀಕೃತಿ

ಸಂಘದ ನಿಜವಾದ ಆಸ್ತಿ ಒಂದು ದಪ್ಪ ವಹಿ. ಗದಗ ಜಿಲ್ಲೆಯ ತಾಂಡಾವೊಂದರಲ್ಲಿ ವಿಧವೆಯೊಬ್ಬರು ಸೀರೆ ಅಂಗಡಿಯ ಪ್ಲಾಸ್ಟಿಕ್ ಚೀಲದಿಂದ ತಮ್ಮ ಕಾಗದಗಳನ್ನು ಒಂದೊಂದಾಗಿ ತೆಗೆದು ಚಾಪೆಯ ಮೇಲೆ ಹರಡಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಅವರ ಪಿಂಚಣಿ ನಿಂತು ಹದಿನಾಲ್ಕು ತಿಂಗಳಾಗಿತ್ತು. ಆಧಾರ್ ಕಾರ್ಡಿನಲ್ಲಿ ಹೆಸರಿನ ಕೊನೆಗೆ ‘ಬಾಯಿ’ ಎಂದಿತ್ತು, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ‘ಅವ್ವ’ ಎಂದಿತ್ತು. ‘ಮೂರು ಸಲ ಅರ್ಜಿ ಕೊಟ್ಟೇನ್ರಿ, ಅವರು ಇಸಗೊಂಡು ಇಟಗೊಂಡ್ರು’ ಎಂದರು. ಮೂರು ಅರ್ಜಿಗಳಲ್ಲಿ ಒಂದಕ್ಕೂ ಸ್ವೀಕೃತಿ ಇರಲಿಲ್ಲ. ಕಚೇರಿಯ ದಾಖಲೆಯ ಪ್ರಕಾರ ಅವರು ಅಲ್ಲಿಗೆ ಬಂದೇ ಇರಲಿಲ್ಲ. ನಾಲ್ಕನೆಯ ಅರ್ಜಿಯನ್ನು ಎರಡು ಪ್ರತಿ ಮಾಡಿ, ಒಂದರ ಮೇಲೆ ಮೊಹರು, ದಿನಾಂಕ, ಸಹಿ ಹಾಕಿಸಿಕೊಂಡು ಬಂದ ಮೇಲೆ ಕಡತ ಚಲಿಸಿತು.

ಆದ್ದರಿಂದ ವಹಿಯ ಪ್ರತಿ ಪುಟದಲ್ಲಿ ಒಬ್ಬರ ಸಂಗತಿಯನ್ನು ಮಾತ್ರ ಬರೆಯಿರಿ. ಅರ್ಜಿಯ ವಿಷಯ, ಕೊಟ್ಟ ಕಚೇರಿ, ಸ್ವೀಕೃತಿಯ ದಿನಾಂಕ, ಸಕಾಲ ಸಂಖ್ಯೆ (ನಿಗದಿತ ಅವಧಿಯಲ್ಲಿ ಸೇವೆ ಕೊಡುವ ಸಕಾಲ ಯೋಜನೆಯಡಿ ಅರ್ಜಿಗೆ ಸಿಗುವ ಸಂಖ್ಯೆ) ಸಿಕ್ಕಿದ್ದರೆ ಅದು, ಮುಂದೆ ವಿಚಾರಿಸಬೇಕಾದ ದಿನ ಎಲ್ಲವೂ ಅಲ್ಲಿರಲಿ. ನಾಡಕಚೇರಿಯಲ್ಲಿ ಸ್ವೀಕೃತಿ ಕೊಡಲು ನಿರಾಕರಿಸಿದರೆ ಜಗಳಕ್ಕೆ ನಿಲ್ಲದೆ ಅದೇ ಅರ್ಜಿಯನ್ನು ತಹಶೀಲ್ದಾರರ ಹೆಸರಿಗೆ ಸ್ಪೀಡ್ ಪೋಸ್ಟ್ ಮಾಡಿ, ಅಂಚೆ ರಸೀದಿಯನ್ನು ಆ ಪುಟಕ್ಕೆ ಅಂಟಿಸಿ. ಉತ್ತರ ಬಾರದಿದ್ದರೆ ಮಾಹಿತಿ ಹಕ್ಕು ಕಾಯ್ದೆ, 2005ರಡಿ ‘ನನ್ನ ಅರ್ಜಿಯ ಮೇಲೆ ಈವರೆಗೆ ಕೈಗೊಂಡ ಕ್ರಮದ ದಾಖಲೆ ಕೊಡಿ’ ಎಂದು ಕೇಳಬಹುದು. ಶುಲ್ಕ 10 ರೂಪಾಯಿ. ಬಿಪಿಎಲ್ ಕುಟುಂಬದವರಿಗೆ ಅದೂ ಇಲ್ಲ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, 150 ಪದ ಮೀರಬಾರದು. 30 ದಿನಗಳಲ್ಲಿ ಉತ್ತರ ಬರಬೇಕು. ಈ ಹಕ್ಕು ನಾಗರಿಕರದಾದ್ದರಿಂದ ಅರ್ಜಿಯನ್ನು ಸಂಘದ ಲೆಟರ್‌ಹೆಡ್‌ನಲ್ಲಿ ಬರೆಯದೆ ಆ ವ್ಯಕ್ತಿಯ ಹೆಸರಿನಲ್ಲಿಯೇ ಬರೆಯಿರಿ. ಹೆಬ್ಬೆಟ್ಟು ಒತ್ತುವ ಮುನ್ನ ಅದರಲ್ಲಿ ಬರೆದದ್ದನ್ನು ಅವರಿಗೆ ಓದಿ ಹೇಳಿ. ಅವಸರದಲ್ಲಿ ನಾವು ಇದನ್ನು ಮರೆಯುತ್ತೇವೆ, ಮರೆಯಬಾರದು.

ಯಾವ ಬಾಗಿಲು ತಟ್ಟಬೇಕು

ವಕೀಲರ ನೆರವು ಬೇಕಾದಾಗ ಮೊದಲು ಹೋಗಬೇಕಾದದ್ದು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅಥವಾ ತಾಲ್ಲೂಕು ಕಾನೂನು ಸೇವಾ ಸಮಿತಿಗೆ. ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ, 1987ರಂತೆ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು, ಬಂಧನದಲ್ಲಿರುವವರು ಇವರಿಗೆಲ್ಲ ಆದಾಯ ಎಷ್ಟಿದ್ದರೂ ಉಚಿತ ವಕೀಲರು ಸಿಗುತ್ತಾರೆ; ಸಹಾಯವಾಣಿ 15100. ಪ್ರಕರಣ ಹೈಕೋರ್ಟಿಗೆ ಹೋದರೂ ನಮ್ಮವರು ಬೆಂಗಳೂರಿಗೆ ಅಲೆಯಬೇಕಿಲ್ಲ. 2008ರಲ್ಲಿ ಸಂಚಾರಿ ಪೀಠವಾಗಿ ಬಂದು 2013ರಲ್ಲಿ ಕಾಯಂ ಆದ ಪೀಠ ಧಾರವಾಡದಲ್ಲಿದೆ.

ಪೊಲೀಸರು ಅಥವಾ ಬೇರೆ ಸರ್ಕಾರಿ ನೌಕರರಿಂದ ಹಕ್ಕಿನ ಉಲ್ಲಂಘನೆಯಾಗಿದ್ದರೆ ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೆ ದೂರು ಕೊಡಬಹುದು. ದೂರು ಕನ್ನಡದಲ್ಲಿರಬಹುದು, ಶುಲ್ಕವಿಲ್ಲ, ನೊಂದವರ ಪರವಾಗಿ ಬೇರೆಯವರೂ ಬರೆಯಬಹುದು. ಆದರೆ ಘಟನೆ ನಡೆದು ಒಂದು ವರ್ಷ ಕಳೆದ ಮೇಲೆ ಮಾನವ ಹಕ್ಕುಗಳ ಸಂರಕ್ಷಣಾ ಕಾಯ್ದೆ, 1993ರಂತೆ ಆಯೋಗ ವಿಚಾರಣೆ ಮಾಡುವಂತಿಲ್ಲ. ಹೀಗಾಗಿ ವಹಿಯಲ್ಲಿ ಘಟನೆಯ ದಿನಾಂಕ ಬಹಳ ಮುಖ್ಯ.

ಇನ್ನೊಂದು ಬಾಗಿಲಿದೆ; ಇದನ್ನು ಬಳಸುವ ಸಂಘಗಳು ಕಡಿಮೆ. ಹಲವು ಕಾಯ್ದೆಗಳು ಸ್ವಯಂಸೇವಾ ಸಂಸ್ಥೆಗಳಿಗೆ ಸಮಿತಿಗಳಲ್ಲಿ ಕುರ್ಚಿಯನ್ನೇ ಕಾಯ್ದಿರಿಸಿವೆ. ಬೀದಿ ಬದಿ ವ್ಯಾಪಾರಿಗಳ ಕಾಯ್ದೆ, 2014ರ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ 40ಕ್ಕೆ ಕಡಿಮೆಯಿಲ್ಲದಷ್ಟು ವ್ಯಾಪಾರಿಗಳ ಜೊತೆಗೆ ಶೇ 10ರಷ್ಟಾದರೂ ಸ್ವಯಂಸೇವಾ ಮತ್ತು ಸಮುದಾಯ ಸಂಘಟನೆಗಳವರು ಇರಬೇಕು. ದುರ್ಗದ ಬೈಲಿನಲ್ಲಿ ತಳ್ಳುಗಾಡಿ ಇಟ್ಟುಕೊಂಡವರ ಸಮೀಕ್ಷೆ, ಪ್ರಮಾಣಪತ್ರ, ಜಾಗದ ಮಾತು ಇಂಥ ಸಮಿತಿಯ ಮುಂದೆ ಬರಬೇಕು. ಪರಿಶಿಷ್ಟ ಜಾತಿ ಮತ್ತು ಪಂಗಡದವರ ಮೇಲಿನ ದೌರ್ಜನ್ಯ ತಡೆ ನಿಯಮಗಳು, 1995ರಂತೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕಾದ ಜಾಗೃತಿ ಮತ್ತು ಉಸ್ತುವಾರಿ ಸಮಿತಿಯಲ್ಲಿ ಸ್ವಯಂಸೇವಾ ಸಂಸ್ಥೆಗಳ ಸದಸ್ಯರಿಗೂ ಅವಕಾಶವಿದೆ. ಮನೆಗೆಲಸದ ಹೆಣ್ಣುಮಕ್ಕಳು ಲೈಂಗಿಕ ಕಿರುಕುಳದ ದೂರು ಕೊಡಬೇಕಾದ ಜಿಲ್ಲಾ ಸ್ಥಳೀಯ ಸಮಿತಿಯಲ್ಲೂ ಹೀಗೆಯೇ. ಸಮಿತಿ ರಚನೆಯಾಗಿದೆಯೇ, ಕೊನೆಯ ಸಭೆ ಯಾವಾಗ ನಡೆಯಿತು, ನಡಾವಳಿ ಎಲ್ಲಿದೆ ಎಂದು ಮಾಹಿತಿ ಹಕ್ಕಿನಲ್ಲಿ ಕೇಳಿ, ಆಮೇಲೆ ಸದಸ್ಯತ್ವಕ್ಕೆ ಪತ್ರ ಬರೆಯಿರಿ. ಬೀದಿಯಲ್ಲಿ ನಿಂತು ಕೂಗುವುದೂ ಬೇಕಾಗುತ್ತದೆ, ಆದರೆ ನಡಾವಳಿಯಲ್ಲಿ ದಾಖಲಾದ ಒಂದು ಸಾಲು ಬಹಳ ಕಾಲ ಕೆಲಸ ಮಾಡುತ್ತದೆ.

ಮಾಡಬಾರದವು

ಅನಾಥ ಮಕ್ಕಳನ್ನು ಕಂಡು ಕರುಳು ಚುರ್ ಎಂದರೂ ಬಾಲನ್ಯಾಯ ಕಾಯ್ದೆ, 2015ರಡಿ ನೋಂದಣಿಯಿಲ್ಲದೆ ಅವರನ್ನು ಇರಿಸಿಕೊಂಡು ಆಶ್ರಮ ನಡೆಸುವಂತಿಲ್ಲ; ಅದು ಶಿಕ್ಷಾರ್ಹ. ರಕ್ಷಣೆ ಬೇಕಾದ ಮಗು ಕಂಡರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ, 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೆ ವಿಷಯ ಮುಟ್ಟಿಸಿ. ಅಂಥ ಮಗುವಿನ ಹೆಸರು, ಫೋಟೊ, ಶಾಲೆ ಯಾವುದೂ ಹೊರಗೆ ಬರಕೂಡದು. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಗುರುತನ್ನು ಪ್ರಕಟಿಸುವುದೂ ಅಪರಾಧ. ಕಾನೂನು ತಡೆಯದ ಕಡೆಯೂ ಇದೇ ಶಿಸ್ತು ಇರಲಿ. ಕಂಬಳಿ ಕೊಡುವಾಗ, ಅಕ್ಕಿ ಕೊಡುವಾಗ ಎದುರಿನವರ ಮುಖವನ್ನು ಕ್ಯಾಮೆರಾದ ಕಡೆ ತಿರುಗಿಸುವ ಪದ್ಧತಿಯನ್ನು ನಿಮ್ಮ ಸಂಘದಲ್ಲಿ ಮೊದಲ ದಿನವೇ ಬೈಲಾದಲ್ಲಿ ಬರೆದು ನಿಷೇಧಿಸಿ. ದೇವದಾಸಿ ಪದ್ಧತಿಯಿಂದ ಹೊರಬಂದ ತಾಯಂದಿರ ಮಕ್ಕಳು ಶಾಲೆಯಲ್ಲಿ ತಂದೆಯ ಹೆಸರಿನ ಪ್ರಶ್ನೆಗೆ ಉತ್ತರಿಸುವಾಗ ಪಡುವ ಸಂಕಟವನ್ನು ಕಂಡವರಿಗೆ ಒಂದು ಫೋಟೊ ಎಷ್ಟು ದೂರ ಹೋಗಿ ಗಾಯ ಮಾಡಬಲ್ಲದೆಂಬುದು ಗೊತ್ತಿರುತ್ತದೆ.

ಮೂಲ ದಾಖಲೆಗಳನ್ನು ಸಂಘದ ಕಪಾಟಿನಲ್ಲಿ ಇಟ್ಟುಕೊಳ್ಳಬೇಡಿ. ಜೆರಾಕ್ಸ್ ಮಾಡಿಸಿ ಅದೇ ದಿನ ಹಿಂತಿರುಗಿಸಿ. ಕೆಲಸ ಮುಗಿದ ಮೇಲೆ ಅರ್ಜಿ, ಸ್ವೀಕೃತಿ, ಆದೇಶ ಮೂರನ್ನೂ ಒಂದು ಫೈಲಿಗೆ ಹಾಕಿ ಆ ವ್ಯಕ್ತಿಯ ಕೈಗೆ ಕೊಡಿ. ತಾಂಡಾದ ಆ ತಾಯಿ ತಮ್ಮ ಫೈಲನ್ನು ಈಗ ಅದೇ ಸೀರೆ ಅಂಗಡಿಯ ಚೀಲದಲ್ಲಿಟ್ಟುಕೊಂಡಿದ್ದಾರೆ. ಕಳೆದ ಸಲ ಹೋದಾಗ ಪಕ್ಕದ ಮನೆಯ ಮುದುಕಿಯನ್ನು ಕೂರಿಸಿಕೊಂಡು, ಮೊಹರು ಎಲ್ಲಿ ಹಾಕಿಸಬೇಕೆಂದು ಬೆರಳಿಟ್ಟು ತೋರಿಸುತ್ತಿದ್ದರು.